ನಮ್ಮ ಮನೆಯ ಎರಡು ಸ್ಪೀಕರುಗಳು

ಈ ಪತ್ರಿಕೆಯಲ್ಲಿ ಅಡಿಗೆಯ ವಿಚಾರ, ಮಕ್ಕಳ ಆರೋಗ್ಯದ ವಿಚಾರ, ತೀರ್ಥಯಾತ್ರೆಯ ವಿಚಾರಗಳನ್ನು ಓದುವ ವಾಚಕರಿಗೆ, ಒಬ್ಬ ನಿವೃತ್ತ ಸಂಸ್ಕೃತೋಪಾಧ್ಯಾಯನು ವಿದ್ಯುದ್ಯಂತ್ರವೊಂದನ್ನು ಕುರಿತು ಬರೆಯಹೊರಟುದು ವಿಚಿತ್ರವಾಗಿ ತೋರಬಹುದು. ನನಗೂ ಅದು ವಿಚಿತ್ರವೇ. ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ 34 ವರ್ಷಕಾಲ ರಾಮಶಬ್ದವನ್ನೂ ಭೂಧಾತುವನ್ನೂ ಹೇಳಿಕೊಟ್ಟವನು ನಾನು. ಮನೆಯಲ್ಲಿ ದೀಪ ಆರಿದರೆ, ನಮ್ಮಲ್ಲಿ ಮಾತ್ರ ಹೋಯಿತೋ ಬೀದಿಗೆಲ್ಲ ಹೋಯಿತೋ ಎಂಬುದನ್ನು ತಿಳಿಯಲು ಕಿಟಕಿಯಿಂದ ಎದುರುಮನೆಯನ್ನು ನೋಡುವುದಷ್ಟೇ ನನ್ನ ವಿದ್ಯುಚ್ಛಾಸ್ತ್ರ. ಆದರೂ 2025ರಲ್ಲಿ ಒಂದು ಜೊತೆ ಸ್ಪೀಕರುಗಳನ್ನು ಕೊಂಡು, ಕೂಡಿಸಿ, ಹಾಡಿಸುವಷ್ಟರಲ್ಲಿ ನಾನು ಪಟ್ಟ ಪಾಡು ಇತರ ಗೃಹಸ್ಥರಿಗೆ ಉಪಯೋಗಕ್ಕೆ ಬರಬಹುದು. ಆ ಪಾಡಿನಿಂದ ಹೊರಬಿದ್ದ ಇನ್ನೊಂದು ಸಂಗತಿಯೂ ಉಂಟು. ಅದನ್ನು ಬರೆಯಲು ಮನಸ್ಸು ಹಿಂದುಮುಂದು ನೋಡುತ್ತಿದ್ದರೂ ಅದನ್ನು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

2024ರ ಮೇ ತಿಂಗಳ ಕೊನೆಗೆ ನನಗೆ ವೃತ್ತಿಯಿಂದ ಬಿಡುಗಡೆಯಾಯಿತು. ಆಕಾಶವಾಣಿಯ ಸಂಸ್ಕೃತ ವಾರ್ತೆಯನ್ನು ಕೇಳುವುದು ನನ್ನ ಬಹುಕಾಲದ ಅಭ್ಯಾಸ. ಅದು 1974ರಲ್ಲಿ ಆರಂಭವಾದಾಗ ನಾನು ಹತ್ತು ವರ್ಷದ ಹುಡುಗ. ನಮ್ಮ ತಂದೆಯವರು ಮರದ ಪೆಟ್ಟಿಗೆಯ ರೇಡಿಯೋದ ಮುಂದೆ ನನ್ನನ್ನು ಕೂರಿಸಿ, ಕೇಳಿದ ವಾಕ್ಯಗಳನ್ನು ಹಿಂದಿರುಗಿ ಹೇಳಿಸುತ್ತಿದ್ದರು. ಈಗ ಆ ರೇಡಿಯೋ ಅಟ್ಟ ಸೇರಿದೆ. ವಾರ್ತೆ, ಸಂಗೀತ, ಉಪನ್ಯಾಸಗಳೆಲ್ಲ ಟೆಲಿವಿಷನ್ನಿನಲ್ಲಿ ಬರುತ್ತವೆ, ಇಲ್ಲವೇ ಮೊಬೈಲಿನಲ್ಲಿ. ನಿವೃತ್ತಿಯ ಮಾರನೆಯ ಯುಗಾದಿ ಕಳೆದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ವಾರ್ತೆಯನ್ನು ಕೇಳುತ್ತಿದ್ದವನು ಲೋಟವನ್ನು ಕೆಳಗಿಟ್ಟು, “ಈ ಹುಡುಗಿಗೆ ಸಕಾರ ಶಕಾರಗಳ ಭೇದವೇ ತಿಳಿಯದು. ಎಲ್ಲ ಸಕಾರಗಳನ್ನೂ ನುಂಗುತ್ತಾಳೆ, ಇಲ್ಲದಿದ್ದರೆ ಶಕಾರ ಮಾಡುತ್ತಾಳೆ. ಇಂಥವರನ್ನು ವಾರ್ತೆ ಓದಲು ಹೇಗೆ ಬಿಡುತ್ತಾರೋ!” ಎಂದೆನು.

ನನ್ನ ಮನೆಯಾಕೆ ಅಡಿಗೆಮನೆಯ ಬಾಗಿಲಿನಿಂದ ತಲೆ ಹಾಕಿ, “ಏನೂಂದ್ರೆ, ಸರಿಯಾಗಿಯೇ ಹೇಳ್ತಾ ಇದಾಳಲ್ಲ!” ಎಂದಳು.

ಆಕೆಯ ತಂದೆ ವೇದಾಧ್ಯಾಯಿಗಳು. ಸಂಸ್ಕೃತವನ್ನು ಕ್ರಮವಾಗಿ ಓದಿದವಳಲ್ಲದಿದ್ದರೂ ಹುಟ್ಟಿದಂದಿನಿಂದ ಘೋಷವನ್ನು ಕೇಳಿ ಬೆಳೆದ ಕಿವಿ ಅದು. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದುದರಿಂದ ನಾನು ಪಾರಿಶೇಷ್ಯನ್ಯಾಯವನ್ನು ಹಿಡಿದೆನು. ಹೇಳುವವಳಲ್ಲಿ ದೋಷವಿಲ್ಲವೆಂದಮೇಲೆ ದೋಷವು ಯಂತ್ರದಲ್ಲಿರಬೇಕು. ಕೇಳುವವನೆಂಬ ಮೂರನೆಯ ಸಾಧ್ಯತೆಯೊಂದು ಉಂಟೆಂಬುದು ತರ್ಕವನ್ನೋದಿದ ಈ ಬುದ್ಧಿಗೆ ಹೊಳೆಯಲೇ ಇಲ್ಲ.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ತಂಗಿಯ ಮಗನನ್ನು ಕೇಳಿದೆನು. ಅವನು ನನ್ನ ಪಕ್ಷವನ್ನೇ ಹಿಡಿದನು. “ಮಾವ, ಈಗಿನ ಟೆಲಿವಿಷನ್ನುಗಳು ರೊಟ್ಟಿಯ ಹಾಗೆ ತೆಳ್ಳಗೆ. ಸ್ಪೀಕರಿಗೆ ಅದರಲ್ಲಿ ಜಾಗ ಎಲ್ಲಿದೆ? ಕೆಳಗಡೆಗೋ ಹಿಂದಕ್ಕೋ ಮುಖ ಮಾಡಿ ಎರಡು ಸಣ್ಣ ಸ್ಪೀಕರು ಕೂರಿಸಿರ್ತಾರೆ. ಶಬ್ದ ಗೋಡೆಗೆ ಬಡಿದು ನಿಮಗೆ ಬರುತ್ತೆ. ಒಂದು ಜೊತೆ ಪವರ್ಡ್ ಬುಕ್‌ಷೆಲ್ಫ್ ಸ್ಪೀಕರು ತೊಗೊಳ್ಳಿ” ಎಂದನು.

ಈ ದೊಡ್ಡ ಸಮಾಸದ ವಿಗ್ರಹವಾಕ್ಯವನ್ನು ಅವನಿಂದಲೇ ಹೇಳಿಸಿಕೊಂಡೆನು. ಬುಕ್‌ಷೆಲ್ಫ್ ಎಂದರೆ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರವುಳ್ಳದ್ದು ಎಂದಿಷ್ಟೇ. ಪವರ್ಡ್ ಎಂಬುದರಲ್ಲಿಯೇ ಸಾರವಿರುವುದು. ಸ್ಪೀಕರೆಂಬುದು ತನ್ನಷ್ಟಕ್ಕೆ ತಾನು ಮೂಕ. ಕಾಗದದ ಅಥವಾ ಬೇರೆ ಯಾವುದಾದರೂ ಹಗುರ ವಸ್ತುವಿನ ಒಂದು ಶಂಕು, ಅದರ ಬುಡಕ್ಕೆ ತಂತಿಯ ಸುರುಳಿ, ಸುರುಳಿಯ ಸುತ್ತ ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಶಂಕು ಹಿಂದುಮುಂದಾಗಿ ಗಾಳಿಯನ್ನು ತಳ್ಳುತ್ತದೆ. ಈ ಕ್ರಮವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬುವರು 1925ರಲ್ಲಿ ಪ್ರಕಟಿಸಿದರು. ನೂರು ವರ್ಷ ಕಳೆದರೂ ಮೂಲತತ್ತ್ವ ಬದಲಾಗಿಲ್ಲ. ಶಂಕುವನ್ನು ಕುಣಿಸಲು ಬೇಕಾದ ಬಲವನ್ನು ಆಂಪ್ಲಿಫೈಯರ್ ಒದಗಿಸಬೇಕು. ಅದನ್ನು ಬೇರೆ ಪೆಟ್ಟಿಗೆಯಾಗಿ ಕೊಳ್ಳುವುದು ಒಂದು ಪದ್ಧತಿ. ಅದನ್ನು ಸ್ಪೀಕರಿನ ಹೊಟ್ಟೆಯಲ್ಲಿಯೇ ಅಡಗಿಸಿಟ್ಟರೆ ಅದು ಪವರ್ಡ್ ಸ್ಪೀಕರು. ಬಹುಮಟ್ಟಿಗೆ ಬಲಗಡೆಯ ಪೆಟ್ಟಿಗೆಯಲ್ಲಿಯೋ ಎಡಗಡೆಯದರಲ್ಲಿಯೋ ಆಂಪ್ಲಿಫೈಯರ್ ಇರುತ್ತದೆ. ಇನ್ನೊಂದು ಅದರಿಂದ ಒಂದು ತಂತಿಯ ಮೂಲಕ ಆಹಾರವನ್ನು ಪಡೆಯುತ್ತದೆ. ನಮ್ಮಂಥವರಿಗೆ ಇದೇ ಅನುಕೂಲ. ಯಾವ ಆಂಪ್ಲಿಫೈಯರಿಗೆ ಯಾವ ಸ್ಪೀಕರು ಒಗ್ಗುತ್ತದೆಂಬ ಜಾತಕಮೇಳನದ ಕೆಲಸ ತಪ್ಪಿತು. ಆದರೆ ಒಳಗಿನ ಆಂಪ್ಲಿಫೈಯರ್ ಕೆಟ್ಟರೆ ಪೆಟ್ಟಿಗೆಯನ್ನೇ ರಿಪೇರಿಗೆ ಹೊರಬೇಕಾಗುತ್ತದೆ, ಇದು ತಿಳಿದಿರಲಿ.

ಒಂದು ಭಾನುವಾರ ಅವನೇ ಮೈಸೂರಿಗೆ ಬಂದು ನನ್ನನ್ನು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದನು. ಅಂಗಡಿಯ ಹುಡುಗನು ಮೊದಲು ಒಂದು ಸಿನಿಮಾ ಹಾಡನ್ನು ಹಾಕಿದನು. ನನ್ನ ಹೆಗಲ ಮೇಲಿನ ಉತ್ತರೀಯ ಅಲ್ಲಾಡಿತು! “ನೋಡಿ ಸಾರ್, ಸಾವಿರ ವಾಟ್” ಎಂದು ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳನ್ನು ತೋರಿಸಿದನು. ದೊಡ್ಡಕ್ಷರದ ಆ ಸಂಖ್ಯೆಯನ್ನು ನಂಬಬಾರದೆಂದೂ, ಎಲ್ಲಿಯಾದರೂ ಸಣ್ಣಕ್ಷರದಲ್ಲಿ ಆರ್. ಎಂ. ಎಸ್. ಎಂದು ಬರೆದಿರುವ ಸಂಖ್ಯೆಯೇ ಸ್ಪೀಕರು ಎಡೆಬಿಡದೆ ಹೊರಬಲ್ಲ ಬಲವನ್ನು ಹೇಳುವುದೆಂದೂ ಅಳಿಯನು ನನ್ನ ಕಿವಿಯಲ್ಲಿ ಹೇಳಿದನು. ಅಲ್ಲದೆ ವಾಟ್ ಎರಡರಷ್ಟಾದರೆ ಶಬ್ದವು ಎರಡರಷ್ಟಾಗುವುದಿಲ್ಲವಂತೆ. 3 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿಗೆ ಅದು ಅಲ್ಪವೇ. ಶಬ್ದ ಎರಡರಷ್ಟೆಂದು ತೋರಬೇಕಾದರೆ ಬಲವು ಹತ್ತರಷ್ಟು ಬೇಕು. ನಮ್ಮ ನಡುಮನೆ 12 ಅಡಿಗೆ 15 ಅಡಿ. ಒಂದೊಂದು ಪೆಟ್ಟಿಗೆಗೆ 20 ವಾಟ್ ಆದರೆ ಧಾರಾಳ. ಸಾವಿರ ವಾಟಿನ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟೆವು.

ನಾನು ಮನೆಯಿಂದ ಹೊರಡುವಾಗಲೇ ಪರೀಕ್ಷೆಗೆಂದು ಮೂರು ಧ್ವನಿಮುದ್ರಣಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದೆನು: ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರದೊಂದು, ಬರಿಯ ತಂಬೂರಿಯದೊಂದು, ಒಬ್ಬ ವಿದ್ವಾಂಸರ ಉಪನ್ಯಾಸದ್ದೊಂದು. ಸ್ಪೀಕರು ಕೊಳ್ಳಹೋಗುವ ಗೃಹಸ್ಥರಿಗೆಲ್ಲ ನಾನು ಹೇಳುವ ಮುಖ್ಯ ಮಾತಿದು. ಅಂಗಡಿಯವರು ಹಾಕುವ ಹಾಡು ಅಂಗಡಿಯವರ ಸ್ಪೀಕರಿಗಾಗಿಯೇ ಆರಿಸಿದುದು. ನಿಮಗೆ ಬಾಯಿಪಾಠವಾದ ಧ್ವನಿಯನ್ನು ನೀವೇ ಒಯ್ಯಬೇಕು. ಮನುಷ್ಯನ ಮಾತಿನಲ್ಲಿ ತಪ್ಪಿದ ಸ್ಪೀಕರು ಸಂಗೀತದಲ್ಲಿ ಒಪ್ಪಲಾರದು.

ಮೂರು ಅಂಗುಲದ ಶಂಕುವುಳ್ಳದ್ದು ಬಹಳ ಅಗ್ಗ. ಐದು ಅಂಗುಲದ್ದು ನಮ್ಮ ಕಪಾಟಿಗೆ ಹಿಡಿಯದು. ನಾಲ್ಕಂಗುಲದ ಒಂದು ಜೊತೆಯಲ್ಲಿ ವೀಣೆಯ ಮಂದ್ರತಂತಿಯ ಮೀಟು ತುಂಬಿಕೊಂಡು ಬಂದಿತು. ಇಲ್ಲಿ ಒಂದು ರಸವತ್ತಾದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆನು. ಸಣ್ಣ ಸ್ಪೀಕರು ಮಂದ್ರದ ಮೂಲಕಂಪನವನ್ನು ಹೊರಡಿಸಲಾರದು. ಅದರ ಮೇಲಣ ಉಪಸ್ವರಗಳನ್ನು ಮಾತ್ರ ಹೊರಡಿಸುತ್ತದೆ. ಆದರೂ ನಾವು ಮಂದ್ರಸ್ವರವನ್ನು ಕೇಳಿದೆವೆಂದೇ ತಿಳಿಯುತ್ತೇವೆ. ಉಪಸ್ವರಗಳ ಕ್ರಮವನ್ನು ನೋಡಿ ಬುದ್ಧಿಯು ಮೂಲವನ್ನು ತಾನೇ ಕಲ್ಪಿಸಿಕೊಳ್ಳುತ್ತದೆಯಂತೆ. ನಾವು ಅಧ್ಯಾಹಾರವೆನ್ನುವುದೂ ಇದನ್ನೇ ಅಲ್ಲವೆ? “ದ್ವಾರಂ” ಎಂದು ಒಬ್ಬನು ಅಂದರೆ “ಮುಚ್ಚು” ಎಂಬುದನ್ನು ಕೇಳುವವನೇ ಸೇರಿಸಿಕೊಳ್ಳುತ್ತಾನೆ. ಹೀಗೆ ಅಧ್ಯಾಹಾರದಿಂದ ಕಾಲಕ್ಷೇಪ ಮಾಡುತ್ತಿದ್ದ ಕಿವಿಗೆ ನಿಜವಾದ ಮಂದ್ರ ಸಿಕ್ಕಿದರೆ, ಊಹೆಯ ಊಟ ಮಾಡುತ್ತಿದ್ದವನಿಗೆ ಎಲೆ ಹಾಕಿ ಬಡಿಸಿದಂತಾಗುತ್ತದೆ. ನಾನು ಅಲ್ಲಿಯೇ ರೂ. 13,500 ಎಣಿಸಿದೆನು. ಮನೆಗೆ ಬಂದು ಮನೆಯಾಕೆಗೆ ಹೇಳುವಾಗ ಕೊನೆಯ ಸೊನ್ನೆಗಳನ್ನು ಸ್ವಲ್ಪ ಮೆಲ್ಲಗೆ ಹೇಳಿದೆನು.

ಇನ್ನು ಪ್ರತಿಷ್ಠಾಪನೆಯ ಪ್ರಕರಣ. ಕಪಾಟಿನ ಎರಡನೆಯ ಅಂತಸ್ತಿನಲ್ಲಿ ಅಮರಕೋಶದ ಪಕ್ಕದಿಂದ ಹತ್ತು ಪುಸ್ತಕಗಳನ್ನು ತೆಗೆದು ಪೆಟ್ಟಿಗೆಯನ್ನು ಒತ್ತಿ ಕೂರಿಸಿದೆನು. ಹೆಸರೇ ಬುಕ್‌ಷೆಲ್ಫ್ ಅಲ್ಲವೆ! ವೀಣೆಯು ಹಂಡೆಯೊಳಗಿನಿಂದ ನುಡಿದಂತೆ ಕೇಳಿಸಿತು. ಅಳಿಯನು ನಕ್ಕು ಪೆಟ್ಟಿಗೆಯ ಬೆನ್ನಿನ ಮೇಲಿನ ಒಂದು ರಂಧ್ರವನ್ನು ತೋರಿಸಿದನು. ಶಂಕುವಿನ ಹಿಂಭಾಗದ ಗಾಳಿ ಆ ರಂಧ್ರದಿಂದ ಹೊರಟು ಮಂದ್ರಸ್ವರಗಳಿಗೆ ಬೆಂಬಲ ಕೊಡುತ್ತದೆ. ಅದನ್ನು ಗೋಡೆಗೆ ಒತ್ತರಿಸಿದರೂ ಮೂಲೆಗೆ ತಳ್ಳಿದರೂ ಮಂದ್ರವು ಉಬ್ಬಿ ಮಾತುಗಳನ್ನು ನುಂಗುತ್ತದೆ. ಗೋಡೆಯಿಂದ ಅರ್ಧ ಅಡಿಯಾದರೂ ಬಿಡಬೇಕು. ಸಣ್ಣ ಸ್ಪೀಕರು, ಎಂದರೆ ತಾರಸ್ವರಗಳಿಗಾಗಿ ಮೇಲ್ಗಡೆ ಇರುವ ಒಂದಂಗುಲದ ಟ್ವೀಟರ್, ಕೂತವನ ಕಿವಿಯ ಮಟ್ಟಕ್ಕೆ ಬರಬೇಕು. ಎರಡು ಪೆಟ್ಟಿಗೆಗಳೂ ಕೇಳುವವನೂ ಸುಮಾರಾಗಿ ಸಮಬಾಹು ತ್ರಿಕೋಣದಲ್ಲಿರಬೇಕು. ಎತ್ತರ ಸಾಲದೆ ನಾನು ಮೋನಿಯರ್ ವಿಲಿಯಮ್ಸರ ನಿಘಂಟನ್ನು ಕೆಳಗಿಟ್ಟು ನೋಡಿದೆನು. “ಸರಸ್ವತಿಯ ಮೇಲೆ ಡಬ್ಬ ಕೂರಿಸ್ತೀರಾ?” ಎಂದು ಮನೆಯಾಕೆ ಗದರಿಸಿ, ದಸರಾ ಬೊಂಬೆಗಳನ್ನು ಕೂರಿಸುವ ಎರಡು ಮರದ ಮಣೆಗಳನ್ನು ಅಟ್ಟದಿಂದ ತೆಗೆಸಿ ಕೊಟ್ಟಳು. ಅವು ಅಳತೆ ಮಾಡಿಸಿದಂತೆ ಸರಿಹೋದುವು. ನಮ್ಮ ನೆಲ ನುಣುಪಾದ ಕೆಂಪು ಗಾರೆ, ಗೋಡೆ ಬೋಳು. ಚಪ್ಪಾಳೆ ತಟ್ಟಿದರೆ ಖಣಖಣವೆನ್ನುತ್ತಿತ್ತು. ಜಮಖಾನ ಹಾಸಿ ಕಿಟಕಿಗೆ ದಪ್ಪ ಪರದೆ ಬಿಟ್ಟಮೇಲೆ ಅದು ಅಡಗಿತು. ಈ ಎರಡು ವಸ್ತ್ರಗಳಿಂದಾದ ಪ್ರಯೋಜನ ಇನ್ನೈದು ಸಾವಿರ ಕೊಟ್ಟು ದೊಡ್ಡ ಸ್ಪೀಕರು ತಂದಿದ್ದರೂ ಆಗುತ್ತಿರಲಿಲ್ಲ.

ಅಳಿಯನು ರಾತ್ರಿಯ ರೈಲಿಗೆ ಹೊರಟುಹೋದನು. ಮಾರನೆಯ ದಿನ ಧೂಳು ಗುಡಿಸಲೆಂದು ನಾನು ತಂತಿಗಳನ್ನೆಲ್ಲ ಕಳಚಿ ಮತ್ತೆ ಕೂಡಿಸಿದೆನು. ಸ್ವಿಚ್ಚನ್ನು ಆರಿಸಿಯೇ ಮಾಡಿದೆನೆಂಬುದು ನನ್ನ ಪಾಲಿನ ಒಂದೇ ಪುಣ್ಯ. ಸಂಜೆ ಸಂಗೀತ ಹಾಕಿದರೆ ಏನೋ ವಿಕಾರ. ಹಾಡುಗಾರಿಕೆ ಉಂಟು, ಹಾಡುವವರಿಲ್ಲ. “ಇವರು ಎಲ್ಲಿ ಕೂತು ಹಾಡ್ತಿದಾರೆ ಅಂತ್ಲೇ ಗೊತ್ತಾಗಲ್ಲ, ಮೃದಂಗ ಬೇರೆ ಒಣಗಿಹೋಗಿದೆ” ಎಂದಳು ಮನೆಯಾಕೆ. ಟೆಲಿಫೋನಿನಲ್ಲಿ ಲಕ್ಷಣಗಳನ್ನು ವರ್ಣಿಸಿದೊಡನೆ ಅಳಿಯನು ರೋಗವನ್ನು ಹೇಳಿದನು. ಎರಡು ಪೆಟ್ಟಿಗೆಗಳ ನಡುವಣ ತಂತಿಯಲ್ಲಿ ಎರಡು ಎಳೆಗಳುಂಟು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ನಾನು ಒಂದು ಕೊನೆಯಲ್ಲಿ ಅದಲುಬದಲು ಮಾಡಿದ್ದೆನು. ಹಾಗಾದಾಗ ಒಂದು ಶಂಕು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಸೆಳೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಅಳಿಸುತ್ತದೆ, ಮಂದ್ರವಂತೂ ಬಹುಮಟ್ಟಿಗೆ ಮಾಯವಾಗುತ್ತದೆ. ಸರಿಪಡಿಸಿದ ಕೂಡಲೆ ಗಾಯಕರು ಎರಡು ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಗೋಡೆಯ ಮುಂದೆ, ಬಂದು ಕೂತರು. ಹೊಸದಾಗಿ ಕೂಡಿಸಿದವರು ಮೊದಲು ಒಬ್ಬರೇ ಮಾತನಾಡುವ ಒಂದು ಧ್ವನಿಯನ್ನು ಹಾಕಿ, ಅದು ನಡುವೆ ನಿಲ್ಲುತ್ತದೆಯೋ ಇಲ್ಲವೋ ನೋಡತಕ್ಕದ್ದು.

ಅನಂತರ ಗುಂಯಿಗುಡುವಿಕೆ. ಕೇಬಲ್ಲಿನ ಪೆಟ್ಟಿಗೆಯಿಂದ ಸ್ಪೀಕರಿಗೆ ಕೆಂಪು ಬಿಳಿ ತಲೆಗಳ ತಂತಿಯನ್ನು, ಕೆಂಪು ಬಲಕ್ಕೆ ಬಿಳಿ ಎಡಕ್ಕೆ ಎಂದು, ಸರಿಯಾಗಿಯೇ ಕೊಟ್ಟಿದ್ದೆನು. ಆದರೂ ಹಾಡು ನಿಂತಾಗಲೆಲ್ಲ ಹಿಂದಿನಿಂದ ಒಂದು ನಾದ ಕೇಳಿಬರುತ್ತಿತ್ತು. ಮನೆಯಾಕೆ ಸ್ವಲ್ಪ ಹೊತ್ತು ಕಿವಿಗೊಟ್ಟು, “ನನ್ನ ಐದು ಮನೆ ಶ್ರುತಿಗೆ ಹತ್ತಿರವೇ ಇದೆ, ಒಂದು ಚೂರು ಏರಿದೆ” ಎಂದಳು. ವಾಚಕರು ಇದನ್ನು ಹಾಸ್ಯವೆಂದು ಭಾವಿಸಬಾರದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಾರಿ ತೊನೆದಾಡುತ್ತದೆ. ಅದರ ಗುಣಕಗಳಾದ 100, 200 ಕಂಪನಗಳೂ ಆ ಗುಂಯಿಕಾರದಲ್ಲಿರುತ್ತವೆ. ಐದು ಮನೆಯ ಷಡ್ಜವಾದರೋ ಸುಮಾರು 196. ಆಕೆಯ ಲೆಕ್ಕ ಸರಿ! ಕೇಬಲ್ಲಿನ ತಂತಿಗೂ ಸ್ಪೀಕರಿಗೂ ಬೇರೆ ಬೇರೆ ಕಡೆ ನೆಲದ ಸಂಪರ್ಕವಿದ್ದು, ಅವೆರಡರ ನಡುವೆ ಸಣ್ಣ ವಿದ್ಯುತ್ತು ಸುತ್ತುಹೊಡೆಯುವುದೇ ಇದಕ್ಕೆ ಕಾರಣವಂತೆ. ಕೆಲವರು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಇದನ್ನು ನಿಲ್ಲಿಸುತ್ತಾರೆ. ಅದು ಪ್ರಾಣಾಪಾಯದ ಕೆಲಸ, ಸರ್ವಥಾ ಕೂಡದು. ಪರಿಹಾರವು ಬೇರೆ ಉಂಟು. ಟೆಲಿವಿಷನ್ನಿನ ಹಿಂದೆ ಆಪ್ಟಿಕಲ್ ಎಂದು ಬರೆದ ಒಂದು ಕಿಂಡಿಯಿದೆ. ಅದರಿಂದ ಸ್ಪೀಕರಿಗೆ ಶಬ್ದವು ಬೆಳಕಿನ ರೂಪದಲ್ಲಿ ಗಾಜಿನಂತಹ ಎಳೆಯೊಂದರೊಳಗೆ ಹೋಗುತ್ತದೆ. ಬೆಳಕಿಗೆ ನೆಲದ ಹಂಗಿಲ್ಲ. ಆ ಎಳೆಯನ್ನು ತಂದು ಸಿಕ್ಕಿಸಿದೆನು. ಗುಂಯಿಕಾರ ನಿಂತಿತು, ಅದರೊಡನೆ ಹಾಡೂ ನಿಂತಿತು.

ಎರಡು ದಿನ ಮೌನವ್ರತವಾಯಿತು. ಕೊನೆಗೆ ತಿಳಿದುದೇನೆಂದರೆ, ಟೆಲಿವಿಷನ್ನು ಚಲಚ್ಚಿತ್ರಮಂದಿರದ ರೀತಿಯ ಒಂದು ಸಂಕೇತಭಾಷೆಯಲ್ಲಿ ಶಬ್ದವನ್ನು ಕಳುಹಿಸುತ್ತಿತ್ತು. ನಮ್ಮ ಸ್ಪೀಕರಿಗೆ ಆ ಭಾಷೆ ಬಾರದು. ಟೆಲಿವಿಷನ್ನಿನ ಸೆಟಿಂಗ್ಸಿಗೆ ಹೋಗಿ, ಶಬ್ದದ ಭಾಗದಲ್ಲಿ ಪಿ. ಸಿ. ಎಂ. ಎಂಬುದನ್ನು ಆರಿಸಿದೊಡನೆ ಮೌನ ಮುರಿಯಿತು. ಇಷ್ಟೆಲ್ಲ ಬೇಡ, ತಂತಿಯಿಲ್ಲದ ಬ್ಲೂಟೂತಿನಲ್ಲಿಯೇ ಕೇಳಬಹುದಲ್ಲ ಎಂದರೆ, ಮೊಬೈಲಿನಿಂದ ಸಂಗೀತವನ್ನು ಕೇಳಲು ಅದು ಸಾಕು. ಟೆಲಿವಿಷನ್ನಿಗೆ ಮಾತ್ರ ಒಗ್ಗದು. ಶಬ್ದ ತುಸು ತಡವಾಗಿ ಬಂದು ತುಟಿಗೂ ಮಾತಿಗೂ ಹೊಂದದೆ ಹೋಗುತ್ತದೆ. ಹತ್ತನೆಯ ಶತಮಾನದ ಒಬ್ಬ ಡೆನ್ಮಾರ್ಕಿನ ಅರಸನ ಬಿರುದಂತೆ ಅದು, ಸಂಸ್ಕೃತದಲ್ಲಿ ನೀಲದಂತನೆನ್ನಬೇಕು. ಒಂದು ಯಂತ್ರಕ್ಕೆ ಅವನ ಹೆಸರು ಹೇಗಂಟಿತೆಂಬುದು ದೊಡ್ಡ ಕಥೆ, ಇರಲಿ.

ಹೀಗೆ ಎಲ್ಲವೂ ಸರಿಯಾದ ಮಾರನೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ, ತ್ರಿಕೋಣದ ತುದಿಯಲ್ಲಿ ಕುರ್ಚಿಯನ್ನಿಟ್ಟು, ಸಂಸ್ಕೃತ ವಾರ್ತೆಗೆ ಸಿದ್ಧನಾಗಿ ಕೂತೆನು. ಧ್ವನಿಯು ಮೊದಲಿಗಿಂತ ತುಂಬಿಕೊಂಡು ಬಂದಿತು. ವಾರ್ತೆ ಓದುವವಳು ಎದುರಿಗೆ ಕೂತಂತಿದ್ದಿತು. ಆದರೆ ಆಕೆ ಸಕಾರಗಳನ್ನು ಮೊದಲಿನಂತೆಯೇ ನುಂಗುತ್ತಿದ್ದಳು.

ಆ ತಿಂಗಳ ಕೊನೆಗೆ ಅಳಿಯನು ಮತ್ತೆ ಬಂದನು. ತಂಬೂರಿಯ ಮುದ್ರಣವನ್ನು ಹಾಕಿದ್ದೆನು. “ಎಷ್ಟು ಚೆನ್ನಾಗಿ ಜೀವಾಳಿ ಕೇಳಿಸುತ್ತೆ, ಅತ್ತೆ!” ಎಂದನು. “ಹೌದಪ್ಪ, ಹಬೆ ಎದ್ದ ಹಾಗೆ” ಎಂದಳು ಆಕೆ. ಸೇತುವೆಯ ಮೇಲೆ ದಾರವನ್ನಿಟ್ಟು ತಂತಿಯಿಂದ ಹೊರಡಿಸುವ ಆ ಸೂಕ್ಷ್ಮವಾದ ಝೇಂಕಾರ ನನಗೂ ತಿಳಿದುದೇ. ಆದರೆ ನನಗೆ ಆಗ ಕೇಳಿಸುತ್ತಿದ್ದುದು ನಾಲ್ಕು ತಂತಿಗಳ ಮೀಟು ಮಾತ್ರ, ಹಬೆ ಏಳಲಿಲ್ಲ. ನಾನು ಸುಮ್ಮನಿದ್ದುದನ್ನು ಅಳಿಯನು ನೋಡಿದನು. ಏನೂ ಹೇಳದೆ ಮೊಬೈಲನ್ನು ಸ್ಪೀಕರಿಗೆ ಕೊಟ್ಟು, “ಮಾವ, ಕೇಳಿಸಿದಾಗ ಕೈ ಎತ್ತಿ” ಎಂದು ಒಂದೊಂದೇ ಶುದ್ಧಸ್ವರವನ್ನು ಹಾಕತೊಡಗಿದನು. ಸಾವಿರ ಕಂಪನ, ಎರಡು ಸಾವಿರ, ಮೂರು ಸಾವಿರ. ನಾನು ಕೈ ಎತ್ತುತ್ತಿದ್ದೆನು. ಬಹಳ ಹೊತ್ತು ಏನೂ ಬರಲಿಲ್ಲ. “ಹಾಕು, ಹಾಕು” ಎಂದೆನು. ತಿರುಗಿ ನೋಡಿದರೆ ಮನೆಯಾಕೆ ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡು ಮುಖ ಕಿವಿಚಿದ್ದಳು.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1960ರ ದಶಕದಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಮುಂದೆ ಎಷ್ಟೋ ಸಾರಿ ಹಾದುಹೋಗಿದ್ದೆನು. ಒಳಗೆ ಹೋಗುವ ಪ್ರಸಂಗ ಬಂದಿರಲಿಲ್ಲ. ಅಲ್ಲಿ ನಿಶ್ಶಬ್ದವಾದ ಒಂದು ಕೋಣೆಯಲ್ಲಿ ಕೂರಿಸಿ, ಒಂದೊಂದು ಕಿವಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ನಕ್ಷೆಯೊಂದನ್ನು ಕೊಟ್ಟರು. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಗುಣಿಸುವ ಗುರುತುಗಳು. 250ರಿಂದ 1,000 ಕಂಪನಗಳವರೆಗೆ ಎರಡು ಗೆರೆಗಳೂ ಮೇಲೆ ನೆಟ್ಟಗೆ ನಡೆದು, ಅಲ್ಲಿಂದಾಚೆಗೆ ಚಾಮುಂಡಿಬೆಟ್ಟದ ಮೆಟ್ಟಿಲುಗಳಂತೆ ಇಳಿದುಹೋಗಿದ್ದುವು. ವಯಸ್ಸಾದಂತೆ ಬಹುಮಂದಿಗೆ ಹೀಗಾಗುತ್ತದೆಯಂತೆ. ಮೊದಲು ತಾರಕಂಪನಗಳೇ ಹೋಗುವುದು. ಸ್ವರಾಕ್ಷರಗಳ ಬಲವೆಲ್ಲ ಕೆಳಗಣ ಕಂಪನಗಳಲ್ಲಿರುವುದರಿಂದ ಅವು ಉಳಿಯುತ್ತವೆ. ಮಾತು ಗಟ್ಟಿಯಾಗಿಯೇ ಕೇಳಿಸುತ್ತದೆ, ಸ್ಪಷ್ಟವಾಗುವುದಿಲ್ಲ. ಸಕಾರದ ಸೀತ್ಕಾರ ಬಹುಮಟ್ಟಿಗೆ 4,000ಕ್ಕೆ ಮೇಲ್ಪಟ್ಟ ಕಂಪನಗಳಲ್ಲಿರುತ್ತದೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಣ ಭಾಗವನ್ನು ಕಳೆದುಕೊಂಡ ಕಿವಿಗೆ ಸಕಾರವು ಮಂಕಾಗಿ ಶಕಾರದ ಕಡೆಗೆ ವಾಲುತ್ತದೆ, ಅಥವಾ ಇಲ್ಲವೇ ಆಗುತ್ತದೆ. “ಇದು ಎಷ್ಟು ದಿನದಿಂದ ಇರಬಹುದು?” ಎಂದು ಕೇಳಿದೆನು. ಪರೀಕ್ಷಿಸಿದ ತರುಣಿಯು, “ಇದು ನಿಧಾನವಾಗಿ ಆಗೋದು ಸಾರ್. ಕೆಲವು ವರ್ಷಗಳೇ ಆಗಿರಬಹುದು” ಎಂದಳು.

ಸ್ವಜನ, ಶ್ವಜನ, ಸಕಲ, ಶಕಲ. ಮೊದಲನೆಯ ಜೋಡಿಯಲ್ಲಿ ಬಂಧುವು ನಾಯಿಯಾಗುತ್ತಾನೆ, ಎರಡನೆಯದರಲ್ಲಿ ಇಡಿಯದು ಚೂರಾಗುತ್ತದೆ. ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ನಮ್ಮವರು ಹೇಳುತ್ತ ಬಂದ ಹಳೆಯ ಉದಾಹರಣೆಗಳಿವು. ಪ್ರತಿವರ್ಷವೂ ಎಂಟನೆಯ ತರಗತಿಯ ಮೊದಲ ವಾರದಲ್ಲಿ ಇವನ್ನು ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳನ್ನು ನಗಿಸುತ್ತಿದ್ದೆನು. ಸಂಸ್ಥೆಯಿಂದ ಮನೆಗೆ ಬರುವ ದಾರಿಯಲ್ಲಿ ಆಟೋರಿಕ್ಷಾದಲ್ಲಿ ಕೂತಿದ್ದಾಗ ನನಗೆ ಒಬ್ಬ ಹುಡುಗಿಯ ನೆನಪಾಯಿತು.

2023ರ ಡಿಸೆಂಬರಿನಲ್ಲಿ ಶ್ಲೋಕಪಠಣದ ಸ್ಪರ್ಧೆಗೆ ನಮ್ಮ ಶಾಲೆಯಿಂದ ಇಬ್ಬರನ್ನು ಆರಿಸಬೇಕಾಗಿತ್ತು. ಒಂಬತ್ತನೆಯ ತರಗತಿಯ ಆ ಹುಡುಗಿಯು ಗೀತೆಯ ಹನ್ನೆರಡನೆಯ ಅಧ್ಯಾಯವನ್ನು ಪುಸ್ತಕ ನೋಡದೆ ಹೇಳಿದಳು. ಹೂವು ಮಾರುವವರ ಮನೆಯ ಮಗು, ಮನೆಯಲ್ಲಿ ಹೇಳಿಕೊಡುವವರಿಲ್ಲ. ನಾನು ನಾಲ್ಕು ಕಡೆ ತಡೆದು, “ಸಕಾರ, ಸಕಾರ! ನಾಲಗೆ ಹಲ್ಲಿಗೆ ಬರಲಿ” ಎಂದೆನು. ಅವಳು ಮತ್ತೆ ಹೇಳಿದಳು. ಮತ್ತೆ ತಡೆದೆನು. ಮೂರನೆಯ ಸಾರಿ ಅವಳು, “ಹಾಗೇ ಹೇಳ್ತಿದೀನಿ ಸಾರ್” ಎಂದಳು. ಎದುರು ಮಾತನಾಡುತ್ತಾಳೆಂದು ನನಗೆ ಸಿಟ್ಟು ಬಂದಿತು. ಬೇರೆ ಇಬ್ಬರನ್ನು ಕಳುಹಿಸಿದೆನು. ಅವಳು ಅತ್ತಳೆಂದು ಆಮೇಲೆ ಯಾರೋ ಹೇಳಿದರು. ಮಕ್ಕಳು ಅಳುತ್ತವೆ, ಆಮೇಲೆ ಆಡುತ್ತವೆ, ಎಂದುಕೊಂಡೆನು.

ಆ ದಿನ ಚಿತ್ರಕಲೆಯ ಉಪಾಧ್ಯಾಯರು ಎಲ್ಲ ಮಕ್ಕಳ ಪಠಣವನ್ನೂ ಮೊಬೈಲಿನಲ್ಲಿ ಹಿಡಿದು ನಮಗೆಲ್ಲ ಕಳುಹಿಸಿದ್ದರು. ಹುಡುಕಿದರೆ ಸಿಕ್ಕಿತು. ಸ್ಪೀಕರಿಗೆ ಕೊಟ್ಟು, ಯಾರದೆಂದು ಹೇಳದೆ, ಮನೆಯಾಕೆಯನ್ನು ತ್ರಿಕೋಣದ ತುದಿಯ ಕುರ್ಚಿಯಲ್ಲಿ ಕೂರಿಸಿದೆನು. ನಾನು ಬಾಗಿಲ ಬಳಿ ನಿಂತಿದ್ದೆನು. ಪೂರ್ತಿ ಅಧ್ಯಾಯ ಮುಗಿಯಿತು. ನಡುವೆ ನಡುವೆ ನನ್ನ ಧ್ವನಿಯೂ ಬಂದಿತು, ಬಹಳ ಗಟ್ಟಿಯಾಗಿ. ಆಕೆ ತಿರುಗಿ ನನ್ನನ್ನು ನೋಡಿ, “ಮಗು ಸರಿಯಾಗಿ ಹೇಳ್ತಾ ಇದೆ. ನೀವು ಯಾಕೆ ಹಾಗೆ ಗದರಿಸ್ತಿದೀರಿ?” ಎಂದಳು.

ಆ ಹುಡುಗಿ ಈಗ ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿದ್ದಾಳೆ. ದಸರೆಯಲ್ಲಿ ಬೊಂಬೆ ನೋಡಲು ಬರಬೇಕೆಂದು ಅವಳಿಗೂ ಅವಳ ತಾಯಿಗೂ ಮನೆಯಾಕೆಯೇ ಹೋಗಿ ಕುಂಕುಮ ಕೊಟ್ಟು ಹೇಳಿಬಂದಳು. ಬಂದರು. ಬೊಂಬೆಯ ಮಣೆಗಳೆರಡು ಸ್ಪೀಕರಿನ ಕೆಳಗಿದ್ದುದರಿಂದ ಆ ವರ್ಷ ನಮ್ಮ ಪಟ್ಟದ ಬೊಂಬೆಗಳಿಗೆ ಒಂದು ಮೆಟ್ಟಲು ಕಡಿಮೆ. ನಾನು ಕಿವಿಯ ನಕ್ಷೆಯನ್ನು ಹುಡುಗಿಗೆ ತೋರಿಸಿ, ಆ ದಿನ ನೀನು ಸರಿಯಾಗಿ ಹೇಳಿದ್ದೆ, ನನ್ನ ಕಿವಿ ಸರಿಯಿರಲಿಲ್ಲ, ನಿನ್ನನ್ನು ಕಳುಹಿಸಬೇಕಾಗಿತ್ತು, ಎಂದೆನು. ಹಿಂದಿನ ರಾತ್ರಿಯೆಲ್ಲ ಇದಕ್ಕಿಂತ ಉದ್ದವಾದ ಮಾತನ್ನು ಸಿದ್ಧಮಾಡಿಕೊಂಡಿದ್ದೆನು, ಬರಲಿಲ್ಲ. ಅವಳು ನಕ್ಷೆಯನ್ನು ಬಹಳ ಹೊತ್ತು ನೋಡಿ, “ನಾನು ಆಮೇಲೆ ಕನ್ನಡಿ ಮುಂದೆ ನಿಂತು ನಾಲಗೆ ನೋಡ್ಕೋತಿದ್ದೆ ಸಾರ್” ಎಂದಳು. ಪದವಿಪೂರ್ವದಲ್ಲಿ ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡಿರುವಳೆಂದು ಅವಳ ತಾಯಿ ಹೇಳಿದರು. ಮನೆಯಾಕೆ ಚರ್ಪು ಕೊಟ್ಟಳು. ಹೋಗುವಾಗ ಆ ಮುದ್ರಣವನ್ನು ತನ್ನ ಮೊಬೈಲಿಗೆ ಕಳುಹಿಸಬೇಕೆಂದು ಹುಡುಗಿ ಕೇಳಿದಳು. ನನ್ನ ಗದರಿಕೆಗಳನ್ನು ಕತ್ತರಿಸಿ ಕಳುಹಿಸೋಣವೆಂದರೆ ನನಗೆ ಆ ವಿದ್ಯೆ ಬಾರದು. ಇದ್ದ ಹಾಗೆಯೇ ಕಳುಹಿಸಿದೆನು.

ಈಗ ನನಗೆ ಎರಡು ಕಿವಿಗಳಿಗೂ ಶ್ರವಣಯಂತ್ರಗಳಾಗಿವೆ. ಮಾತಿಗೆ ಒಂದು ಕ್ರಮ, ಸಂಗೀತಕ್ಕೆ ಇನ್ನೊಂದು ಕ್ರಮವೆಂದು ಅದರಲ್ಲಿ ಬೇರೆ ಬೇರೆ ಉಂಟು. ಮಾತಿನ ಕ್ರಮದಲ್ಲಿಟ್ಟುಕೊಂಡು ವೀಣೆಯನ್ನು ಕೇಳಿದರೆ ತಗಡು ಬಡಿದಂತಾಗುತ್ತದೆ. ಸ್ಪೀಕರಿನ ಹಿಂದೆ ಟ್ರೆಬಲ್ ಎಂಬ ಒಂದು ಗುಂಡಿಯಿದೆ. ಯಂತ್ರಗಳು ಬರುವ ಮುಂಚೆ ನಾನು ಅದನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದೆನು. ನನಗೆ ಅಷ್ಟಿಷ್ಟು ಸಕಾರ ಸಿಕ್ಕುತ್ತಿತ್ತು, ಮನೆಯಾಕೆ ಸ್ಟೀಲಿನ ಪಾತ್ರೆ ಉಜ್ಜಿದ ಹಾಗಿದೆಯೆಂದು ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಯಂತ್ರಗಳು ಬಂದ ದಿನ ಅವಳೇ ಬಂದು ಗುಂಡಿಯನ್ನು ನಡುವಿನ ಗೆರೆಗೆ ತಂದಿಟ್ಟಳು. ತಂಬೂರಿಯನ್ನು ಹಾಕಿದೆವು. “ಹಬೆ ಬಂತೇ?” ಎಂದಳು. ಪೂರ್ತಿ ಬರಲಿಲ್ಲ, ಸ್ವಲ್ಪ ಬಂದಿತು.